ವಿಮಾನದ ಬಿಡಿಭಾಗ ಸ್ಟೋರ್ಸ್ ಬಾಗಿಲು ದಾಟುವ ಮುನ್ನ: ಕಾಗದ, ಲೋಹ, ಬೆಲೆ ತಾಳೆ ನೋಡುವ ಬಗೆ

ಸ್ಟೋರ್ಸಿನ ಮೇಜಿನ ಮೇಲೆ ಪೆಟ್ಟಿಗೆ ಬಂದು ಕೂತಿದೆ. ಹೊರಗೆ ವಿಮಾನ ಎಒಜಿ, ಅಂದರೆ ಆ ಒಂದು ಭಾಗಕ್ಕಾಗಿ ಹಾರಾಟ ನಿಲ್ಲಿಸಿ ನಿಂತಿದೆ. ಶಿಫ್ಟ್ ಇನ್‌ಚಾರ್ಜ್ ಬಾಗಿಲಲ್ಲೇ ಕಾಯುತ್ತಿದ್ದಾರೆ. ತಪ್ಪು ಭಾಗ ಒಳಗೆ ನುಸುಳುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಒಂದು ಸಾಮಾನ್ಯ ಭಾಗದ ರಿಸೀವಿಂಗ್ ಇನ್‌ಸ್ಪೆಕ್ಷನ್‌ಗೆ, ಅಂದರೆ ಬಂದ ಮಾಲನ್ನು ಒಳಗೆ ತೆಗೆದುಕೊಳ್ಳುವ ಮುನ್ನದ ತಪಾಸಣೆಗೆ, ಇಪ್ಪತ್ತು ನಿಮಿಷ ಸಾಕು. ಇಲ್ಲಿ ತಪ್ಪಿದರೆ ಅದೇ ಭಾಗವನ್ನು ಮುಂದೆ ರೆಕ್ಕೆಯೊಳಗಿಂದಲೋ ಎಂಜಿನ್ನೊಳಗಿಂದಲೋ ಬಿಚ್ಚಿ ತೆಗೆಯಬೇಕಾಗುತ್ತದೆ, ಅದೂ ಅದೃಷ್ಟ ನೆಟ್ಟಗಿದ್ದರೆ.

ಪ್ರತಿ ಭಾಗಕ್ಕೂ ಒಂದು ಜಾತಕವಿದೆ: ಯಾರು ಮಾಡಿದರು, ಯಾವ ವಿಮಾನದಲ್ಲಿ ಎಷ್ಟು ಹಾರಿತು, ಯಾಕೆ ಬಿಚ್ಚಿದರು, ಯಾರು ರಿಪೇರಿ ಮಾಡಿ ಸಹಿ ಹಾಕಿದರು. ತಪಾಸಕರ ಕೆಲಸ ಕಾಗದ ಹೇಳುವ ಕತೆಯೂ ಲೋಹ ಹೇಳುವ ಕತೆಯೂ ಒಂದೇ ಹೌದೋ ಎಂದು ತಾಳೆ ನೋಡುವುದು. ಕಾಗದವನ್ನು ಫೈಲಿಗೆ ಸೇರಿಸಿ ಭಾಗವನ್ನು ಕಪಾಟಿಗೆ ಸೇರಿಸಿದರೆ ಅದು ಸರಕು ಇಳಿಸಿಕೊಂಡಂತಾಯಿತು ಅಷ್ಟೆ.

ಆರ್ಡರಿನಲ್ಲೇ ಅರ್ಧ ಕೆಲಸ

ತಪಾಸಣೆ ಶುರುವಾಗುವುದು ಪರ್ಚೇಸ್ ಆರ್ಡರ್ ಬರೆಯುವಾಗ. ಅಲ್ಲಿ ಬರೆಯದ್ದನ್ನು ಪೆಟ್ಟಿಗೆ ಬಂದ ಮೇಲೆ ಕೇಳಿದರೆ ಸರಬರಾಜುದಾರ ಕೈ ಆಡಿಸುತ್ತಾನೆ. ಡ್ಯಾಶ್ ನಂಬರ್ (ಅಡ್ಡಗೀಟಿನ ನಂತರದ ಸಂಖ್ಯೆ) ಸಮೇತ ಪೂರ್ಣ ಪಾರ್ಟ್ ನಂಬರ್ ಬರೆಯಿರಿ. ಭಾಗ ಹೊಸದೋ, ಓವರ್‌ಹಾಲ್ ಆದದ್ದೋ, ರಿಪೇರಿ ಆದದ್ದೋ ನಮೂದಿಸಿ. ಯಾವ ಸರ್ಟಿಫಿಕೇಟ್ ಬೇಕು, ಶೆಲ್ಫ್ ಲೈಫ್ ಇರುವ ವಸ್ತುವಾದರೆ ಕನಿಷ್ಠ ಎಷ್ಟು ಶೇಕಡ ಆಯುಸ್ಸು ಉಳಿದಿರಬೇಕು ಎಂಬುದೂ ಇರಲಿ. ಮುಖ್ಯವಾಗಿ ಇನ್ನೊಂದು ಸಾಲು: ಬದಲಿ ಪಾರ್ಟ್ ನಂಬರ್ ಕಳಿಸುವುದಾದರೆ ಮೊದಲು ಲಿಖಿತ ಒಪ್ಪಿಗೆ ಪಡೆಯಬೇಕು. ಪಾರ್ಟ್ಸ್ ಕ್ಯಾಟಲಾಗಿನಲ್ಲಿ ಬದಲಿ ಎಂದಿರುವುದೆಲ್ಲ ಎರಡೂ ದಿಕ್ಕಿಗೆ ನಡೆಯುವುದಿಲ್ಲ. ಹಳೆಯದರ ಜಾಗಕ್ಕೆ ಹೊಸ ಡ್ಯಾಶ್ ನಂಬರ್ ಹೊಂದಬಹುದು, ಹೊಸದರ ಜಾಗಕ್ಕೆ ಹಳೆಯದು ಹೊಂದದೇ ಹೋಗಬಹುದು. ಕೆಲವೊಮ್ಮೆ ಒಂದು ಸರ್ವಿಸ್ ಬುಲೆಟಿನ್, ಅಂದರೆ ತಯಾರಕರು ಸೂಚಿಸಿದ ಮಾರ್ಪಾಡು, ಆದ ಮೇಲೆ ಮಾತ್ರ ಹೊಂದುತ್ತದೆ.

ಸರ್ಟಿಫಿಕೇಟನ್ನು ಓದುವುದು

ಅಮೆರಿಕದ ಎಫ್‌ಎಎ 8130-3, ಯುರೋಪಿನ ಈಸಾ ಫಾರ್ಮ್ 1, ಭಾರತದ ಸಿಎ ಫಾರ್ಮ್ 1, ಇವೆಲ್ಲ ಆಯಾ ಕಡೆಯ ವಾಯುಯಾನ ಪ್ರಾಧಿಕಾರದ, ಹೆಚ್ಚುಕಡಿಮೆ ಒಂದೇ ಅಚ್ಚಿನ ಬಿಡುಗಡೆ ಪ್ರಮಾಣಪತ್ರಗಳು. ಫಾರ್ಮಿನ ಮನೆಗಳ, ಅಂದರೆ ಚೌಕಗಳ, ಸಂಖ್ಯೆ ಕಂಠಪಾಠವಾಗಿದ್ದರೆ ಓದು ಬೇಗ ಮುಗಿಯುತ್ತದೆ.

8ನೇ ಮನೆಯ ಪಾರ್ಟ್ ನಂಬರ್ ಮತ್ತು 10ನೇ ಮನೆಯ ಸೀರಿಯಲ್ ನಂಬರನ್ನು ಭಾಗದ ಡೇಟಾ ಪ್ಲೇಟಿನ (ಭಾಗದ ಮೇಲೆಯೇ ಕೂರಿಸಿದ ಗುರುತಿನ ಫಲಕ) ಜೊತೆ ಅಕ್ಷರಕ್ಕಕ್ಷರ ಹೋಲಿಸಿ. ಒಬ್ಬರು ಪ್ಲೇಟ್ ನೋಡಿ ಜೋರಾಗಿ ಓದಬೇಕು, ಇನ್ನೊಬ್ಬರು ಕಾಗದದ ಮೇಲೆ ಬೆರಳಿಟ್ಟು ಸಾಗಬೇಕು. ಒಬ್ಬರೇ ಎರಡನ್ನೂ ನೋಡಿದರೆ ಸೊನ್ನೆಯನ್ನು ಓ ಎಂದೂ, ಐದನ್ನು ಎಸ್ ಎಂದೂ ಕಣ್ಣು ತಾನಾಗಿಯೇ ತಿದ್ದಿಕೊಂಡುಬಿಡುತ್ತದೆ.

11ನೇ ಮನೆ ಭಾಗದ ಸ್ಥಿತಿಯದು. ನ್ಯೂ, ಓವರ್‌ಹಾಲ್ಡ್, ರಿಪೇರ್ಡ್, ಇನ್‌ಸ್ಪೆಕ್ಟೆಡ್ ಅಥವಾ ಟೆಸ್ಟೆಡ್, ಮಾಡಿಫೈಡ್ ಎಂಬವು ಇಲ್ಲಿ ಬರುವ ಪದಗಳು. ಇವುಗಳ ನಡುವಿನ ಅಂತರ ದುಡ್ಡಿನ ಅಂತರವೂ ಹೌದು. ಓವರ್‌ಹಾಲ್ ಎಂದರೆ ಪೂರ್ತಿ ಬಿಚ್ಚಿ, ತೊಳೆದು, ಅಳೆದು, ಸವೆದದ್ದನ್ನು ಬದಲಿಸಿ, ಮ್ಯಾನ್ಯುಯಲ್ ಪ್ರಕಾರ ಪರೀಕ್ಷಿಸಿದ್ದು. ರಿಪೇರಿ ಎಂದರೆ ಕೆಟ್ಟಿದ್ದನ್ನು ಸರಿಮಾಡಿದ್ದು. ಟೆಸ್ಟೆಡ್ ಎಂದರೆ ಬೆಂಚಿನ ಮೇಲೆ ಆ ದಿನ ಕೆಲಸ ಮಾಡಿತು ಎಂದಷ್ಟೇ, ಅದರಿಂದ ಒಳಗಿನ ಬೇರಿಂಗಿಗೆ ಹೊಸ ಆಯುಸ್ಸು ಬರುವುದಿಲ್ಲ. ಓವರ್‌ಹಾಲಿನ ಬೆಲೆ ಕೊಟ್ಟು ಟೆಸ್ಟೆಡ್ ಭಾಗ ತಂದು ಕಪಾಟಿನಲ್ಲಿಟ್ಟಿರುವ ಸ್ಟೋರ್ಸುಗಳಿಗೆ ಕೊರತೆಯಿಲ್ಲ.

12ನೇ ಮನೆ ಷರಾ. ಬಹಳ ಜನ ಹಾರಿಸುವ ಮನೆಯೂ ಇದೇ, ವಿಷಯವೆಲ್ಲ ಇರುವುದೂ ಇಲ್ಲೇ: ಯಾವ ಮ್ಯಾನ್ಯುಯಲ್, ಯಾವ ರಿವಿಷನ್, ಯಾವ ಏರ್‌ವರ್ದಿನೆಸ್ ಡೈರೆಕ್ಟಿವ್ (ಪ್ರಾಧಿಕಾರದ ಕಡ್ಡಾಯ ಸುರಕ್ಷತಾ ಆದೇಶ) ಮುಗಿದಿದೆ, ಯಾವುದು ಬಾಕಿ, ಶೆಲ್ಫ್ ಲೈಫ್ ಎಷ್ಟು, ಮಿತಿಗಳೇನು.

13ರ ಸಾಲು ಹೊಸದಾಗಿ ತಯಾರಾದ ಭಾಗಕ್ಕೆ, 14ರ ಸಾಲು ನಿರ್ವಹಣೆ ಆದ ಭಾಗಕ್ಕೆ. 11ರಲ್ಲಿ ನ್ಯೂ ಎಂದಿದ್ದು 14ರಲ್ಲಿ ಸಹಿ ಬಿದ್ದಿದ್ದರೆ, ಅಥವಾ ಎರಡೂ ಕಡೆ ಸಹಿ ಇದ್ದರೆ, ಕಾಗದವನ್ನು ಪಕ್ಕಕ್ಕಿಟ್ಟು ಫೋನ್ ಮಾಡಿ. ಸಹಿಯ ಪಕ್ಕದ ಅಪ್ರೂವಲ್ ನಂಬರನ್ನು ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹುಡುಕಿ. ಆ ಸಂಸ್ಥೆಗೆ ಈ ಬಗೆಯ ಭಾಗದ ರೇಟಿಂಗ್, ಅಂದರೆ ಅದರ ಕೆಲಸ ಮಾಡುವ ಅಧಿಕಾರ, ಇದೆಯೇ? ಸಹಿ ಹಾಕಿದ ದಿನ ಅನುಮತಿ ಚಾಲ್ತಿಯಲ್ಲಿತ್ತೇ? ಚಕ್ರ ಮತ್ತು ಬ್ರೇಕಿಗೆ ಮಾತ್ರ ರೇಟಿಂಗ್ ಇರುವ ರಿಪೇರಿ ಅಂಗಡಿ ಫ್ಯುಯೆಲ್ ಪಂಪಿಗೆ ಸಹಿ ಹಾಕಿದ್ದರೆ ಆ ಸಹಿಗೆ ಬೆಲೆಯಿಲ್ಲ.

ಕಾಗದವೇ ಸುಳ್ಳಾದರೆ? 2023ರಲ್ಲಿ ಹೊರಬಿದ್ದ ಎಒಜಿ ಟೆಕ್ನಿಕ್ಸ್ ಪ್ರಕರಣದಲ್ಲಿ ಆದದ್ದು ಅದೇ. ಲಂಡನ್ನಿನ ಈ ವ್ಯಾಪಾರಿ ಸಂಸ್ಥೆ ನಕಲಿ ಬಿಡುಗಡೆ ಪತ್ರಗಳ ಮೇಲೆ ಸಿಎಫ್‌ಎಂ56 ಎಂಜಿನ್ನಿನ ಭಾಗಗಳನ್ನು ಮಾರಿತ್ತು. ಹಳೆಯ ತಲೆಮಾರಿನ ಬೋಯಿಂಗ್ 737 ಮತ್ತು ಏರ್‌ಬಸ್ ಎ320 ವಿಮಾನಗಳಲ್ಲಿ ಇರುವ ಎಂಜಿನ್ ಅದು. ಗುಟ್ಟು ರಟ್ಟಾದದ್ದು ಪೋರ್ಚುಗಲ್ಲಿನ ಟಿಎಪಿ ಸಂಸ್ಥೆಯ ನಿರ್ವಹಣಾ ವಿಭಾಗದಲ್ಲಿ. ಕಾಗದ ಹೊಸದು ಎನ್ನುತ್ತಿದೆ, ಕೈಯಲ್ಲಿರುವ ಡ್ಯಾಂಪರ್ ಹಳೆಯದರಂತಿದೆ ಎಂದು ಅಲ್ಲಿನವರಿಗೆ ಅನುಮಾನ ಬಂತು. ತಯಾರಕ ಸಾಫ್ರಾನ್‌ಗೆ ಕಾಗದ ಕಳಿಸಿ ಕೇಳಿದಾಗ ಅದು ತಮ್ಮದಲ್ಲ ಎಂಬ ಉತ್ತರ ಬಂತು. ಅಷ್ಟು ಹೊತ್ತಿಗೆ ಹಲವು ವಿಮಾನಯಾನ ಸಂಸ್ಥೆಗಳ ಎಂಜಿನ್ನುಗಳಲ್ಲಿ ಅಂಥ ಭಾಗಗಳು ಕೂತಾಗಿತ್ತು, ಎಂಜಿನ್ ಇಳಿಸಿ ತೆಗೆಯಬೇಕಾಯಿತು.

ಆದ್ದರಿಂದ ಮಧ್ಯವರ್ತಿಯಿಂದ ಬಂದ ಭಾಗಗಳಲ್ಲಿ ಕೆಲವನ್ನಾದರೂ ಆರಿಸಿ, ಪತ್ರದ 3ನೇ ಮನೆಯ ಟ್ರ್ಯಾಕಿಂಗ್ ನಂಬರ್ ಹಿಡಿದು, ಸಹಿ ಹಾಕಿದ ಸಂಸ್ಥೆಯನ್ನೇ ನೇರವಾಗಿ ಕೇಳಬೇಕು. ವಿಳಾಸವನ್ನು ಆ ಪತ್ರದಿಂದ ಎತ್ತಿಕೊಳ್ಳಬೇಡಿ. ನಕಲಿ ಪತ್ರ ಮಾಡಿದವನು ನಕಲಿ ಇಮೇಲನ್ನೂ ಮಾಡಿರುತ್ತಾನೆ.

ಇನ್ನೊಂದು ಗೊಂದಲ. ಎಟಿಎ 106 ಎಂಬ ಫಾರ್ಮ್ ಮತ್ತು ಸರ್ಟಿಫಿಕೇಟ್ ಆಫ್ ಕನ್ಫಾರ್ಮಿಟಿ ನೋಡುವುದಕ್ಕೆ ಅಷ್ಟೇ ಗಂಭೀರವಾಗಿರುತ್ತವೆ. ಮೊದಲನೆಯದು ವ್ಯಾಪಾರಿ ಕೊಡುವ ವಂಶಾವಳಿ: ಯಾರಿಂದ ಬಂತು, ಯಾರಿಗೆ ಹೋಯಿತು. ಎರಡನೆಯದು ಬೋಲ್ಟು, ನಟ್ಟು, ತಗಡು, ರಾಸಾಯನಿಕಗಳಿಗೆ ಸಾಕಾಗುತ್ತದೆ. ಪಂಪು, ವಾಲ್ವು, ಆಕ್ಚುಯೇಟರಿನ ಹಾರಾಟಯೋಗ್ಯತೆಗೆ ಇವೆರಡೂ ಸಾಕ್ಷಿಯಾಗುವುದಿಲ್ಲ.

ಭಾಗವನ್ನು ನೋಡುವುದು

ಬೆಳಕು ಚೆನ್ನಾಗಿರಲಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ, ವರ್ನಿಯರ್, ಅಯಸ್ಕಾಂತ ಮತ್ತು ಅದೇ ಪಾರ್ಟ್ ನಂಬರಿನ, ಮೂಲ ಖಚಿತವಾಗಿರುವ ಇನ್ನೊಂದು ಭಾಗ ಕೈಗೆ ಸಿಗುವಂತಿರಲಿ. ಪಕ್ಕಪಕ್ಕದಲ್ಲಿಟ್ಟು ಹೋಲಿಸಿದಾಗ ಕಾಣುವಷ್ಟು ಬೇರೆ ಯಾವ ವಿಧದಲ್ಲೂ ಕಾಣುವುದಿಲ್ಲ.

ಮೊದಲು ಡೇಟಾ ಪ್ಲೇಟ್. ರಿವೆಟ್ಟುಗಳನ್ನು ಒಮ್ಮೆ ತೆಗೆದು ಮತ್ತೆ ಬಡಿದಂತಿದೆಯೇ, ಅಕ್ಷರದ ಅಚ್ಚು ಒಂದೇ ಆಳದಲ್ಲಿದೆಯೇ, ಹಳೆಯ ಸಂಖ್ಯೆಯನ್ನು ಉಜ್ಜಿದ ತಗ್ಗು ಇದೆಯೇ ನೋಡಿ. ಬೆರಳ ತುದಿ ಆಡಿಸಿದರೆ ತಗ್ಗು ಕಣ್ಣಿಗಿಂತ ಮೊದಲು ತಿಳಿಯುತ್ತದೆ. ಆಮೇಲೆ ಹೊಸ ಭಾಗದಲ್ಲಿ ಇರಲೇಬಾರದ ಗುರುತುಗಳು: ನಟ್ಟಿನ ಮೂಲೆಗಳಲ್ಲಿ ಸ್ಪ್ಯಾನರ್ ಜಾರಿದ ಗಾಯ, ಲಾಕ್‌ವೈರ್ ರಂಧ್ರದ ಅಂಚಿನ ಸವೆತ, ಫ್ಲ್ಯಾಂಜಿನ ಮೇಲೆ ವಾಷರ್ ಕೂತ ಉಂಗುರ, ಮೂಲೆಯಲ್ಲಿ ಒಣಗಿದ ಸೀಲೆಂಟ್. ಬಣ್ಣ ಹೊಸದಾಗಿ ಹೊಳೆಯುತ್ತಿದ್ದು ಕೆಳಗೆ ಗುಳಿಗುಳಿಯಾಗಿ ಕಂಡರೆ, ತುಕ್ಕಿನ ಮೇಲೆ ಬಣ್ಣ ಬಳಿದಿದ್ದಾರೆ. ಹೈಡ್ರಾಲಿಕ್ ಭಾಗದ ಬಾಯಿಗಳಿಗೆ ಮುಚ್ಚಳ ಇರಲೇಬೇಕು. ಮುಚ್ಚಳದ ಬದಲು ಟೇಪ್ ಸುತ್ತಿದ್ದರೆ ಅಂಟು ಒಳಗೆ ಹೋಗಿರುತ್ತದೆ.

ಮುಟ್ಟಬಾರದ್ದನ್ನು ಮುಟ್ಟಬೇಡಿ. ಕಾರ್ಖಾನೆಯಲ್ಲಿ ಸೀಲ್ ಮಾಡಿದ ಬೇರಿಂಗನ್ನು ಬಿಚ್ಚಿ ಬರಿಗೈಯಲ್ಲಿ ತಿರುಗಿಸಿ ನೋಡಿದರೆ ಬೆವರಿನ ಉಪ್ಪೇ ಅದಕ್ಕೆ ತುಕ್ಕು ಹಿಡಿಸುತ್ತದೆ. ಎಲೆಕ್ಟ್ರಾನಿಕ್ ಕಾರ್ಡುಗಳನ್ನು ಆಂಟಿಸ್ಟಾಟಿಕ್ ಚೀಲದಿಂದ ತೆಗೆಯುವುದು ಮಣಿಕಟ್ಟಿಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಂಡ ಮೇಲೇ. ಆಕ್ಸಿಜನ್ ವ್ಯವಸ್ಥೆಯ ಭಾಗಕ್ಕೆ ಗ್ರೀಸ್ ಕೈ ತಾಗಿದರೆ ಅದನ್ನು ಮತ್ತೆ ಶುದ್ಧಿ ಮಾಡಿಸಬೇಕು, ಒತ್ತಡದ ಆಮ್ಲಜನಕದಲ್ಲಿ ಎಣ್ಣೆಯ ಪಸೆಯೇ ಬೆಂಕಿ.

ಬೋಲ್ಟುಗಳು

ಬೆಲೆ ಕಡಿಮೆ, ಸಂಖ್ಯೆ ಜಾಸ್ತಿ, ಗುರುತು ಸಣ್ಣದು. ನಕಲಿಗೂ ಅದಲುಬದಲಿಗೂ ಇಷ್ಟು ಸಾಕು. 1989ರ ಸೆಪ್ಟೆಂಬರ್ 8ರಂದು ಓಸ್ಲೋದಿಂದ ಹ್ಯಾಂಬರ್ಗ್‌ಗೆ ಹೊರಟಿದ್ದ ಪಾರ್ಟ್‌ನೇರ್ ಸಂಸ್ಥೆಯ ಕಾನ್ವೇರ್ 580 ಡೆನ್ಮಾರ್ಕಿನ ಉತ್ತರದ ಸಮುದ್ರಕ್ಕೆ ಬಿತ್ತು, ಒಳಗಿದ್ದ 55 ಜನರೂ ಸತ್ತರು. ಬಾಲದ ಲಂಬ ರೆಕ್ಕೆಯನ್ನು ಹಿಡಿದಿದ್ದ ಬೋಲ್ಟುಗಳಲ್ಲಿ ನಕಲಿಯವು ಇದ್ದವೆಂದು ತನಿಖೆ ಕಂಡುಕೊಂಡಿತು. ಬೇಕಾದಷ್ಟು ಗಡಸಿಲ್ಲದ ಅವು ಸವೆದು, ರೆಕ್ಕೆ ಅದುರುತ್ತ ಅದುರುತ್ತ ಬಾಲವೇ ಕಳಚಿತ್ತು.

ನಕಲಿಯೇ ಆಗಬೇಕೆಂದಿಲ್ಲ, ಅಸಲಿ ಬೋಲ್ಟೂ ತಪ್ಪು ಜಾಗದಲ್ಲಿ ಅಷ್ಟೇ ಕೆಟ್ಟದ್ದು. 1990ರ ಜೂನ್ 10ರ ಬ್ರಿಟಿಷ್ ಏರ್‌ವೇಸ್ 5390 ಇದಕ್ಕೆ ಪಾಠದಂತಿದೆ. ಬಿಎಸಿ 1-11 ವಿಮಾನ 17,300 ಅಡಿಯಲ್ಲಿದ್ದಾಗ ಕ್ಯಾಪ್ಟನ್ ಮುಂದಿನ ಗಾಜು ಹಾರಿಹೋಗಿ, ಅವರ ಅರ್ಧ ಮೈ ಹೊರಗೆ ಎಳೆದುಕೊಂಡು ಹೋಯಿತು. ಸಿಬ್ಬಂದಿ ಕಾಲು ಹಿಡಿದುಕೊಂಡರು, ವಿಮಾನ ಇಳಿಯಿತು, ಅವರು ಬದುಕಿದರು. ಆ ಗಾಜನ್ನು ಬದಲಿಸಿ 27 ಗಂಟೆಯಷ್ಟೇ ಆಗಿತ್ತು. ಗಾಜಿಗೆ 90 ಬೋಲ್ಟು, ಹಾಕಬೇಕಾದ್ದು ಎ211-8ಡಿ. ಬಿಚ್ಚಿದ ಹಳೆಯ ಬೋಲ್ಟನ್ನು ಕೈಯಲ್ಲಿ ಹಿಡಿದು, ಮಂದ ಬೆಳಕಿನ ಡ್ರಾಯರುಗಳ ಮುಂದೆ ಕಣ್ಣಂದಾಜಿನಲ್ಲಿ ಹೋಲಿಸಿ ಆರಿಸಿದ್ದರು. ಹಳೆಯದೂ ಸರಿಯಾದ ಬೋಲ್ಟಾಗಿರಲಿಲ್ಲ, ಅದು ಮೊದಲೇ ತಪ್ಪಾಗಿ ಹಾಕಿದ್ದ 7ಡಿ. ಹೊಸದಾಗಿ ಹಾಕಿದವುಗಳಲ್ಲಿ 84 ಬೋಲ್ಟು 8ಸಿ, ವ್ಯಾಸದಲ್ಲಿ 0.026 ಇಂಚು ಸಪುರ, ಅಂದರೆ ಸುಮಾರು 0.66 ಮಿಲಿಮೀಟರ್. ಉಳಿದ 6 ಬೋಲ್ಟಿನ ವ್ಯಾಸ ಸರಿಯಿತ್ತು, ಉದ್ದ 0.1 ಇಂಚು ಕಡಿಮೆ. ತಲೆ ಸಣ್ಣದಾದ್ದರಿಂದ ಬೋಲ್ಟು ಕುಳಿಯೊಳಗೆ ಬೇಕಾದ್ದಕ್ಕಿಂತ ಆಳಕ್ಕೆ ಇಳಿದು ಕೂರುತ್ತದೆ, ಸುತ್ತಲೂ ಖಾಲಿ ಉಂಗುರ ಉಳಿಯುತ್ತದೆ. ಸಾಲಾಗಿ ಕೂತ 84 ಬೋಲ್ಟುಗಳಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಇಲ್ಲಿಂದ ತೆಗೆದುಕೊಳ್ಳಬೇಕಾದ ಪದ್ಧತಿ ಒಂದೇ: ಬೋಲ್ಟನ್ನು ಬೋಲ್ಟಿಗೆ ಹೋಲಿಸಬೇಡಿ, ಕ್ಯಾಟಲಾಗಿನ ಸಂಖ್ಯೆಗೆ ಹೋಲಿಸಿ. ಬಿಚ್ಚಿದ್ದು ಸರಿಯಾದದ್ದೇ ಆಗಿತ್ತು ಎಂಬುದಕ್ಕೆ ಯಾವ ಖಾತ್ರಿಯೂ ಇಲ್ಲ.

ಎಎನ್, ಅಂದರೆ ಅಮೆರಿಕದ ಆರ್ಮಿ-ನೇವಿ ಮಾನದಂಡದ, ಬೋಲ್ಟಿನ ಸಂಖ್ಯೆ ಓದುವಾಗ ಒಂದು ಗುಂಡಿ ಇದೆ. ಎಎನ್4-7ಎ ಎಂದರೆ ವ್ಯಾಸ ಇಂಚಿನ ಹದಿನಾರನೇ ನಾಲ್ಕು, ಅಂದರೆ ಕಾಲಿಂಚು; ಉದ್ದ ಹೆಸರಿಗೆ ಎಂಟನೇ ಏಳು ಇಂಚು; ಕೊನೆಯ ಎ ಅಕ್ಷರ ಕಾಂಡದಲ್ಲಿ ಪಿನ್ನಿನ ರಂಧ್ರವಿಲ್ಲ ಎನ್ನುತ್ತದೆ. 7 ಆದ ಮೇಲೆ 8 ಬರುವುದಿಲ್ಲ, 10 ಬರುತ್ತದೆ. ಹತ್ತರ ಸ್ಥಾನ ಪೂರ್ಣ ಇಂಚು, ಬಿಡಿಸ್ಥಾನ ಎಂಟನೇ ಭಾಗ. ಹಾಗಾಗಿ ಡ್ಯಾಶ್ 12 ಎಂದರೆ ಒಂದೂಕಾಲು ಇಂಚು. ಹನ್ನೆರಡು ಎಂಟನೆಯದು ಎಂದು ಗುಣಿಸಿ ಒಂದೂವರೆ ಇಂಚಿನದು ತರಿಸಿದರೆ ನಟ್ಟು ಎಳೆಯ ಕೊನೆಗೆ ಬಂದು ಗಟ್ಟಿಯಾಗಿ ನಿಲ್ಲುತ್ತದೆ. ಟಾರ್ಕ್ ರೆಂಚ್ ಕ್ಲಿಕ್ ಎನ್ನುತ್ತದೆ, ಹಿಡಿತ ಮಾತ್ರ ಬಂದಿರುವುದಿಲ್ಲ. ಹೆಸರಿನ ಉದ್ದಕ್ಕೂ ನಿಜವಾದ ಉದ್ದಕ್ಕೂ ಸ್ವಲ್ಪ ವ್ಯತ್ಯಾಸ ಇರುವುದರಿಂದ ಉದ್ದವನ್ನೂ ಗ್ರಿಪ್ಪನ್ನೂ (ಎಳೆಯಿಲ್ಲದ ಕಾಂಡದ ಉದ್ದ) ಮಾನದಂಡದ ಪಟ್ಟಿಯಿಂದಲೇ ನೋಡಿ.

ತಲೆಯ ಮೇಲಿನ ಗುರುತು: ಎಎನ್ ಬೋಲ್ಟಿನಲ್ಲಿ ಕೂಡು ಚಿಹ್ನೆ ಅಥವಾ ನಕ್ಷತ್ರ ಇದ್ದರೆ ಅಲಾಯ್ ಸ್ಟೀಲ್, ಒಂದು ಗೀಟು ತುಕ್ಕು ಹಿಡಿಯದ ಸ್ಟೀಲ್, ಎರಡು ಗೀಟು ಅಲ್ಯೂಮಿನಿಯಂ, ತ್ರಿಕೋನ ಇದ್ದರೆ ಬಿಗಿ ಅಳತೆಯದು. ಅಯಸ್ಕಾಂತ ಹಿಡಿದರೆ ಅಲಾಯ್ ಸ್ಟೀಲ್ ಗಟ್ಟಿಯಾಗಿ ಅಂಟುತ್ತದೆ, ಟೈಟೇನಿಯಂ ಮತ್ತು ಅಲ್ಯೂಮಿನಿಯಂ ಅಂಟುವುದಿಲ್ಲ. ಸ್ಟೇನ್‌ಲೆಸ್ ಕೆಲವು ತಣ್ಣಗೆ ಬಡಿದು ಮಾಡಿದವು ಸ್ವಲ್ಪ ಸೆಳೆಯುತ್ತವೆ, ಅದಕ್ಕೆ ಗಾಬರಿ ಬೇಡ. ಮುಖ್ಯ ರಚನೆಗೆ ಹೋಗುವ ಬೋಲ್ಟಿನ ಹೊಸ ಲಾಟಿನಲ್ಲಿ ಒಂದೆರಡನ್ನು ಗಡಸುತನ ಪರೀಕ್ಷೆಗೆ ಬಲಿ ಕೊಡುವುದು ಲಾಭದ ವ್ಯವಹಾರ.

ಎರಡು ಲಾಟುಗಳನ್ನು ಒಂದೇ ಡಬ್ಬಿಗೆ ಸುರಿಯಬಾರದು. ಸುರಿದ ಕ್ಷಣ ಎರಡರ ಜಾತಕವೂ ಕಳೆದುಹೋಗುತ್ತದೆ. ನಾಳೆ ಒಂದು ಲಾಟು ಕೆಟ್ಟದ್ದೆಂದು ಸುದ್ದಿ ಬಂದರೆ ಡಬ್ಬಿಯನ್ನಷ್ಟೇ ಅಲ್ಲ, ಅದರಿಂದ ಬೋಲ್ಟು ಪಡೆದ ವಿಮಾನಗಳನ್ನೆಲ್ಲ ಬಿಚ್ಚಬೇಕು. ಕೊಡುವಾಗಲೂ ಬ್ಯಾಚ್ ನಂಬರನ್ನು ವರ್ಕ್ ಆರ್ಡರಿಗೆ ಬರೆಯಿರಿ.

ರಬ್ಬರು

ಕಪ್ಪಗಿರುವುದೆಲ್ಲ ಒಂದೇ ರಬ್ಬರಲ್ಲ. ಸ್ಕೈಡ್ರಾಲ್ ಜಾತಿಯ ಫಾಸ್ಫೇಟ್ ಎಸ್ಟರ್ ಹೈಡ್ರಾಲಿಕ್ ದ್ರವಕ್ಕೆ ಎಥಿಲಿನ್ ಪ್ರೊಪಿಲೀನ್ ಓ ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಬೇಕು, ಖನಿಜ ತೈಲದ 5606 ದ್ರವಕ್ಕೆ ನೈಟ್ರೈಲ್. ಅದಲುಬದಲಾದರೆ ಎರಡೂ ಉಬ್ಬುತ್ತವೆ, ಮೆತ್ತಗಾಗಿ ಸೋರುತ್ತವೆ. ಬಿಡಿ ರಿಂಗನ್ನು ನೋಡಿ ಹೇಳುವುದು ಯಾರಿಂದಲೂ ಆಗದು, ಆದ್ದರಿಂದ ಪೊಟ್ಟಣದಿಂದ ಹೊರಬಿದ್ದು ಅನಾಥವಾದ ರಿಂಗ್ ನೇರ ಕಸಕ್ಕೆ.

ಪೊಟ್ಟಣದ ಮೇಲಿನ ಕ್ಯೂರ್ ಡೇಟ್, ಅಂದರೆ ರಬ್ಬರು ಹದಗೊಂಡು ತಯಾರಾದ ದಿನ, ತ್ರೈಮಾಸಿಕದಲ್ಲಿರುತ್ತದೆ: 2ಕ್ಯೂ24 ಎಂದರೆ 2024ರ ಏಪ್ರಿಲ್‌ನಿಂದ ಜೂನ್. ಎಣಿಕೆ ಆ ತ್ರೈಮಾಸಿಕ ಮುಗಿದ ಮೇಲೆ ಶುರು. ರಬ್ಬರ್ ಸೀಲುಗಳ ದಾಸ್ತಾನಿನ ಮಾನದಂಡವಾದ ಎಆರ್‌ಪಿ 5316 ಪ್ರಕಾರ ನೈಟ್ರೈಲಿಗೆ 15 ವರ್ಷ, ಫ್ಲೋರೋಕಾರ್ಬನ್ ಮತ್ತು ಸಿಲಿಕೋನಿಗೆ ಮಿತಿಯಿಲ್ಲ. ಭಾಗದ ತಯಾರಕರು ಇದಕ್ಕಿಂತ ಕಡಿಮೆ ಹೇಳಿದ್ದರೆ ಅವರ ಮಾತೇ ನಡೆಯಬೇಕು. 38 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಕತ್ತಲಲ್ಲಿ, ಕಿಡಿ ಹಾರುವ ಮೋಟಾರಿನಿಂದ ದೂರ ಇಡಿ. ಮೊಳೆಗೆ ನೇತು ಹಾಕಿದ ರಿಂಗ್ ಆಕಾರ ಕಳೆದುಕೊಳ್ಳುತ್ತದೆ.

ಹಸಿರು ಟ್ಯಾಗಿನ ಮೇಲೆ ಭಾರ ಹಾಕಬೇಡಿ

ಹಸಿರು ಟ್ಯಾಗ್, ಅಂದರೆ ಸರ್ವಿಸಬಲ್ ಟ್ಯಾಗ್, ಹೇಳುವುದು ಭಾಗ ಬಳಸಲು ಯೋಗ್ಯ ಎಂದು. ಜೋಡಿಸಲು ಪೂರ್ತಿ ಸಿದ್ಧ ಎಂದು ಅದು ಹೇಳುತ್ತಿಲ್ಲ. 1983ರ ಮೇ 5ರಂದು ಮಯಾಮಿಯಿಂದ ನಸಾವ್‌ಗೆ ಹೊರಟ ಈಸ್ಟರ್ನ್ 855ರಲ್ಲಿ, ಲಾಕ್‌ಹೀಡ್ ಎಲ್-1011, ಮೂರೂ ಎಂಜಿನ್ನುಗಳ ಎಣ್ಣೆ ಸೋರಿಹೋಯಿತು. ಹಿಂದಿನ ಪಾಳಿಯಲ್ಲಿ ಮೂರಕ್ಕೂ ಹಾಕಿದ ಚಿಪ್ ಡಿಟೆಕ್ಟರುಗಳಲ್ಲಿ (ಎಣ್ಣೆಯಲ್ಲಿನ ಲೋಹದ ಚೂರು ಹಿಡಿಯುವ ತುಂಡು) ಓ ರಿಂಗೇ ಇರಲಿಲ್ಲ. ಮಾಮೂಲಿಯಾಗಿ ಫೋರ್‌ಮನ್ ಕಡೆಯಿಂದ ರಿಂಗ್ ಹಾಕಿಯೇ ಸಿಗುತ್ತಿದ್ದವು. ಅಂದು ಅಲ್ಲಿ ಖಾಲಿಯಾಗಿ ಸ್ಟೋರ್ಸಿನಿಂದ ಪೊಟ್ಟಣದಲ್ಲಿ ಬಂದಿದ್ದವು, ಸರ್ವಿಸಬಲ್ ಟ್ಯಾಗ್ ಸಮೇತ. ಮೊದಲೇ ಆರಿಸಿದ್ದ ಒಂದು ಎಂಜಿನ್ ಮತ್ತೆ ಹೊತ್ತಿಕೊಂಡದ್ದರಿಂದ 172 ಜನ ಬದುಕಿದರು.

ಎರಡು ಅಭ್ಯಾಸಗಳು ಇಲ್ಲಿಂದ ಬಂದಿವೆ. ಭಾಗದ ಜೊತೆ ಸೀಲು, ರಿಂಗು, ಕಾಟರ್ ಪಿನ್ನುಗಳನ್ನು ಒಂದೇ ಚೀಲದಲ್ಲಿ ಕಿಟ್ ಮಾಡಿ, ಏನಿದೆ ಏನಿಲ್ಲ ಎಂದು ಚೀಲದ ಮೇಲೆ ಬರೆದು ಕೊಡುವುದು. ಮತ್ತೆ, ಒಬ್ಬನೇ ಮೆಕ್ಯಾನಿಕ್ ಒಂದೇ ರಾತ್ರಿ ಎಲ್ಲ ಎಂಜಿನ್ನುಗಳಿಗೂ ಒಂದೇ ಕೆಲಸ ಮಾಡದಂತೆ ಪಾಳಿ ಹಂಚುವುದು. ತಪ್ಪು ಮಾಡುವವನು ಮೂರು ಕಡೆಯೂ ಅದನ್ನೇ ಮಾಡುತ್ತಾನೆ.

ಆಯುಸ್ಸು ಕಟ್ಟಿಟ್ಟ ಭಾಗಗಳು

ಎಂಜಿನ್ ಡಿಸ್ಕು, ಶಾಫ್ಟು, ಲ್ಯಾಂಡಿಂಗ್ ಗೇರಿನ ಕೆಲವು ತುಂಡುಗಳಿಗೆ ಇಷ್ಟು ಸೈಕಲ್ (ಒಂದು ಸಲ ಏರಿ ಇಳಿದರೆ ಒಂದು ಸೈಕಲ್) ಎಂಬ ಗಡಿ ಇರುತ್ತದೆ, ಆಮೇಲೆ ಎಷ್ಟು ಚೆನ್ನಾಗಿ ಕಂಡರೂ ಗುಜರಿ. ಹುಟ್ಟಿದ ದಿನದಿಂದ ಇಂದಿನವರೆಗೆ ಎಡೆಬಿಡದ ದಾಖಲೆ ಬೇಕು. ಲೆಕ್ಕ ಹೀಗೆ: ಗಡಿ 20,000 ಸೈಕಲ್ ಎಂದಿಟ್ಟುಕೊಳ್ಳಿ. ಮೊದಲ ಸಂಸ್ಥೆಯಲ್ಲಿ 7,400, ಎರಡನೆಯದರಲ್ಲಿ 5,100, ಒಟ್ಟು 12,500. ಉಳಿದದ್ದು 7,500. ಈಗ ಎರಡರ ನಡುವೆ ಎಂಟು ತಿಂಗಳು ಡಿಸ್ಕ್ ಎಲ್ಲಿತ್ತು ಎಂದು ಯಾರೂ ಬರೆದಿಲ್ಲ. ಕಪಾಟಿನಲ್ಲಿತ್ತು ಎಂದು ಮಾರುವವನು ಬಾಯಲ್ಲಿ ಹೇಳುತ್ತಾನೆ. ಬಾಯಿಮಾತಿಗೆ ಸೈಕಲ್ ಕೂಡಿಸಲಾಗದು, ಕಳೆಯಲಾಗದು. ಆ ಅಂತರ ಕಾಗದದಿಂದ ತುಂಬದಿದ್ದರೆ ಉಳಿದ ಆಯುಸ್ಸು ಸೊನ್ನೆ.

ಇನ್ನೂ ಒಂದು ಸೂಕ್ಷ್ಮ. ಎಷ್ಟು ಥ್ರಸ್ಟಿನ, ಅಂದರೆ ನೂಕುಬಲದ, ಎಂಜಿನ್ನಿನಲ್ಲಿ ಓಡಿತು ಎಂಬುದರ ಮೇಲೆ ಒಂದೇ ಡಿಸ್ಕಿನ ಗಡಿ ಬದಲಾಗುತ್ತದೆ. ಪ್ರತಿ ಸಂಸ್ಥೆಯ ಅವಧಿಗೂ ಥ್ರಸ್ಟ್ ರೇಟಿಂಗ್ ಬರೆದಿಲ್ಲದ ಪಟ್ಟಿ ಅರ್ಧ ಪಟ್ಟಿ.

ಬೆಲೆಯ ಲೆಕ್ಕ

ಬೇರೆಲ್ಲರೂ ಆರು ತಿಂಗಳು ಕಾಯಿರಿ ಎನ್ನುವಾಗ ಒಬ್ಬ ನಾಳೆಯೇ ಕೊಡುತ್ತೇನೆ, ಅದೂ ಕಡಿಮೆ ಬೆಲೆಗೆ ಎಂದರೆ ಮೊದಲು ಬರಬೇಕಾದ್ದು ಅನುಮಾನ. ಹಾಗೆಂದು ಅಗ್ಗವೆಲ್ಲ ಕಳ್ಳಮಾಲು ಎಂದೂ ತಿಳಿಯಬಾರದು. ಪಿಎಂಎ ಭಾಗಗಳನ್ನು ಮೂಲ ತಯಾರಕರಲ್ಲದವರು ಎಫ್‌ಎಎ ಅನುಮತಿ ಪಡೆದು ಮಾಡುತ್ತಾರೆ, ಅವು ಕಾನೂನುಬದ್ಧ. ಕೊಳ್ಳುವ ಮುನ್ನ ನೋಡಬೇಕಾದ್ದು ಎರಡು. ಲೀಸಿನ ವಿಮಾನವಾದರೆ ಒಪ್ಪಂದ ಪಿಎಂಎಯನ್ನು ಒಪ್ಪುತ್ತದೆಯೇ? ನಿಮ್ಮ ಪ್ರಾಧಿಕಾರ ಒಪ್ಪುತ್ತದೆಯೇ? ಯುರೋಪಿಗೆ ಹೋಗುವ ಭಾಗವಾದರೆ, ಅದು ಕ್ರಿಟಿಕಲ್ ಅಲ್ಲ ಎಂಬ ಸಾಲು 8130-3ರ ಷರಾದಲ್ಲಿ ಇದೆಯೇ ಹುಡುಕಿ. ಒಪ್ಪದ ಲೀಸಿನಲ್ಲಿ ಹಾಕಿದರೆ ವಿಮಾನ ಹಿಂದಿರುಗಿಸುವ ದಿನ ಎಲ್ಲವನ್ನೂ ಬಿಚ್ಚಿ ಮೂಲ ಭಾಗ ಹಾಕಿಕೊಡಬೇಕು, ಉಳಿಸಿದ್ದಕ್ಕಿಂತ ಹೆಚ್ಚು ತೆರಬೇಕು.

ರಿಪೇರಿ ಅಗ್ಗವೋ ಓವರ್‌ಹಾಲ್ ಅಗ್ಗವೋ ಎಂಬುದನ್ನು ಬಿಲ್ಲು ನೋಡಿ ನಿರ್ಧರಿಸಬೇಡಿ, ಗಂಟೆಗೆ ಭಾಗಿಸಿ. ರಿಪೇರಿ 100 ರೂಪಾಯಿ, ಓವರ್‌ಹಾಲ್ 160 ಎಂದುಕೊಳ್ಳಿ. ಪ್ರತಿ ಸಲ ಬಿಚ್ಚಿ ಹಾಕುವ ಕೂಲಿ, ತಡ ಎಲ್ಲ ಸೇರಿ 30. ನಿಮ್ಮದೇ ದಾಖಲೆಯಲ್ಲಿ ರಿಪೇರಿಯಾದದ್ದು ಸರಾಸರಿ 1,500 ಗಂಟೆ, ಓವರ್‌ಹಾಲ್ ಆದದ್ದು 4,000 ಗಂಟೆ ನಿಂತಿದ್ದರೆ, ಸಾವಿರ ಗಂಟೆಗೆ ಮೊದಲನೆಯದಕ್ಕೆ ಸುಮಾರು 87, ಎರಡನೆಯದಕ್ಕೆ 47.50. ಬಿಲ್ಲಿನಲ್ಲಿ ದುಬಾರಿಯಾದದ್ದು ರೆಕ್ಕೆಯ ಮೇಲೆ ಅರ್ಧ ಬೆಲೆಯದಾಯಿತು. ಮಾರಾಟಗಾರನ ಗಂಟೆಗಳನ್ನು ಈ ಲೆಕ್ಕಕ್ಕೆ ತರಬೇಡಿ.

ಸೀರಿಯಲ್ ನಂಬರ್ ಹಿಡಿದು ದಾಖಲೆ ಇಟ್ಟರೆ ಇನ್ನೊಂದು ಸೋರಿಕೆ ಸಿಗುತ್ತದೆ. ಒಂದು ಭಾಗ ವಿಮಾನದಲ್ಲಿ ಕೆಡುತ್ತದೆ, ರಿಪೇರಿ ಅಂಗಡಿಯಲ್ಲಿ ದೋಷವಿಲ್ಲ ಎಂದು ಟೆಸ್ಟೆಡ್ ಸಹಿಯೊಂದಿಗೆ ಮರಳುತ್ತದೆ, ಕೆಲವೇ ಗಂಟೆಯಲ್ಲಿ ಮತ್ತೆ ಕೆಡುತ್ತದೆ. ಪಾರ್ಟ್ ನಂಬರಿನ ಸರಾಸರಿಯಲ್ಲಿ ಇದು ಅಡಗಿಬಿಡುತ್ತದೆ. ಮೂರನೇ ಸಲ ಬಂದ ಸೀರಿಯಲ್ ನಂಬರನ್ನು ಮಾಮೂಲಿ ಬೆಂಚ್ ಪರೀಕ್ಷೆಗೆ ಕಳಿಸದೆ, ಬಿಸಿ, ತಂಪು, ಕಂಪನದಲ್ಲಿ ಓಡಿಸಿ ನೋಡಿ ಎಂದು ಬರೆದು ಕಳಿಸಿ, ಇಲ್ಲವೇ ಸೇವೆಯಿಂದಲೇ ತೆಗೆಯಿರಿ.

ಎಕ್ಸ್‌ಚೇಂಜಿನಲ್ಲಿ, ಅಂದರೆ ಹಳೆಯದನ್ನು ಕೊಟ್ಟು ಬದಲಿ ಪಡೆಯುವ ವ್ಯವಹಾರದಲ್ಲಿ, ಕೊಂಡಾಗ ನಿಮ್ಮ ಹಳೆಯ ಭಾಗವನ್ನು ಗಡುವಿನೊಳಗೆ ಕಳಿಸಬೇಕು. ಬಿಚ್ಚಿದ ಕಾರಣ, ಗಂಟೆ, ಸೈಕಲ್ ಬರೆದ ಟ್ಯಾಗ್ ಇಲ್ಲದೆ ಕಳಿಸಿದರೆ ಅವರು ಅದನ್ನು ಅಂಗೀಕರಿಸುವುದಿಲ್ಲ, ಪೂರ್ತಿ ಬೆಲೆಯ ಬಿಲ್ಲು ಬರುತ್ತದೆ. ರಿಪೇರಿ ವೆಚ್ಚ ಭಾಗದ ಬೆಲೆಯ ಎಷ್ಟು ಶೇಕಡ ದಾಟಿದರೆ ನಿಮ್ಮ ಹಳೆಯ ಭಾಗವನ್ನು ರಿಪೇರಿಗೆ ಮೀರಿದ್ದು ಎನ್ನಬಹುದು ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಅನುಮಾನ ಬಂದ ಭಾಗ

ಸರಬರಾಜುದಾರನಿಗೆ ವಾಪಸು ಕಳಿಸಿ ಕೈತೊಳೆದುಕೊಳ್ಳುವುದು ಎಲ್ಲರಿಗೂ ಸುಲಭ. ಅವನು ಅದನ್ನೇ ಇನ್ನೊಬ್ಬರಿಗೆ ಮಾರುತ್ತಾನೆ. ಭಾಗ, ಪೆಟ್ಟಿಗೆ, ಒಳಗಿನ ಹತ್ತಿ, ಕಾಗದ, ಕೊರಿಯರ್ ಚೀಟಿ ಎಲ್ಲವನ್ನೂ ಕೆಂಪು ಟ್ಯಾಗ್ ಕಟ್ಟಿ ಬೀಗದ ಕ್ವಾರಂಟೈನ್ ಕಪಾಟಿಗೆ ಹಾಕಿ. ಡೇಟಾ ಪ್ಲೇಟ್ ಮತ್ತು ಅನುಮಾನದ ಜಾಗದ ಫೋಟೋ ತೆಗೆಯಿರಿ. ಅದೇ ಲಾಟಿನ, ಅದೇ ಮೂಲದ ಬೇರೆ ಭಾಗಗಳು ಎಲ್ಲೆಲ್ಲಿ ಹೋಗಿವೆ ಎಂದು ಅದೇ ದಿನ ಹುಡುಕಿ. ತಯಾರಕರಿಗೆ ಬರೆಯಿರಿ, ಪ್ರಾಧಿಕಾರಕ್ಕೆ ವರದಿ ಮಾಡಿ. ಎಫ್‌ಎಎಗೆ ಅದಕ್ಕೆಂದೇ 8120-11 ಎಂಬ ಫಾರ್ಮ್ ಇದೆ. ಯುರೋಪಿನಲ್ಲಿ ಕಡ್ಡಾಯ ವರದಿಗೆ 72 ಗಂಟೆಯ ಗಡುವು. ನಕಲಿ ಎಂದು ಖಚಿತವಾಗುವವರೆಗೆ ಕಾಯಬೇಕಿಲ್ಲ, ಅನುಮಾನವನ್ನು ಅನುಮಾನ ಎಂದೇ ಬರೆದರಾಯಿತು.

ಗುಜರಿಗೆ ಹಾಕುವಾಗ

ಬೇಡದ ಭಾಗಗಳನ್ನು ಸುಮ್ಮನೆ ಮೂಲೆಗೆ ಹಾಕಿದರೆ ಏನಾಗಬಹುದೆಂಬುದಕ್ಕೆ 1996ರ ಮೇ 11ರ ವ್ಯಾಲ್ಯೂಜೆಟ್ 592 ಸಾಕ್ಷಿ. ಅವಧಿ ಮೀರಿದ ಆಕ್ಸಿಜನ್ ಜನರೇಟರುಗಳನ್ನು ವಿಮಾನಗಳಿಂದ ಬಿಚ್ಚಿದ್ದರು, ಸುರಕ್ಷಾ ಮುಚ್ಚಳ ಹಾಕಿರಲಿಲ್ಲ. ಖಾಲಿ ಎಂಬ ಚೀಟಿಯೊಂದಿಗೆ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಡಿಸಿ-9ರ ಸರಕು ಕೋಣೆಗೆ ಹತ್ತಿಸಿದರು. ಅವು ಹೊತ್ತಿಕೊಂಡು 110 ಜನ ಸತ್ತರು. ಅಪಾಯಕಾರಿ ವಸ್ತು ಯಾವುದೇ ಇರಲಿ, ಬಿಚ್ಚಿದ ಜಾಗದಲ್ಲೇ ಮುಚ್ಚಳ, ಅಲ್ಲೇ ಟ್ಯಾಗ್, ಟ್ಯಾಗಿನಲ್ಲಿ ತುಂಬಿದೆಯೋ ಖಾಲಿಯೋ ಎಂಬ ಮಾತು.

ಲೋಹದ ಭಾಗಗಳಿಗೆ ಬೇರೆ ಅಪಾಯ: ಗುಜರಿಯವನ ಕೈಯಿಂದ ಮತ್ತೆ ಮಾರುಕಟ್ಟೆಗೆ ಬರುವುದು. ಕೆಂಪು ಬಣ್ಣ ಬಳಿದರೆ ತೊಳೆಯುತ್ತಾರೆ, ಸಣ್ಣ ತೂತು ಕೊರೆದರೆ ಬೆಸುಗೆ ಹಾಕುತ್ತಾರೆ, ಟ್ಯಾಗ್ ಕಟ್ಟಿದರೆ ಕತ್ತರಿಸುತ್ತಾರೆ. ಸೀರಿಯಲ್ ನಂಬರಿನ ಜಾಗ ಮತ್ತು ಮುಖ್ಯ ಆಧಾರದ ಜಾಗ ಎರಡನ್ನೂ ಸೀಳುವಂತೆ ಗರಗಸ ಅಥವಾ ಟಾರ್ಚಿನಿಂದ ಕತ್ತರಿಸಿ, ಇಲ್ಲವೇ ಗ್ರೈಂಡರ್ ಹಾಕಿ ದೊಡ್ಡ ತುಂಡನ್ನೇ ತೆಗೆಯಿರಿ. ಡೇಟಾ ಪ್ಲೇಟನ್ನು ಬೇರೆ ನಾಶ ಮಾಡಿ. ತುಂಡುಗಳ ಫೋಟೋ, ಸೀರಿಯಲ್ ನಂಬರ್, ದಿನಾಂಕ, ಕತ್ತರಿಸಿದವರ ಮತ್ತು ನೋಡಿದವರ ಸಹಿ ಸ್ಕ್ರ್ಯಾಪ್ ರಿಜಿಸ್ಟರಿಗೆ ಹೋಗಬೇಕು. ಆ ನಂಬರ್ ಎಂದಾದರೂ ಮತ್ತೆ ನಿಮ್ಮದೇ ಮೇಜಿನ ಮೇಲೆ ಬಂದು ಕೂತರೆ, ತಾಳೆ ನೋಡಲು ಆ ರಿಜಿಸ್ಟರ್ ಬೇಕಾಗುತ್ತದೆ.